ಖಾಲಿ ಬಂದ ಒಪ್ಪಿಗೆ

ರಾಯಚೂರು
19 ಜೂನ್ 2024

ಅಮ್ಮಿ,

ಬಕ್ರೀದ್ ಮುಗಿಯಿತು. ನೀವೆಲ್ಲ ಬಿರಿಯಾನಿ ತಿಂದು ಕೈ ತೊಳೆದಿರಿ, ನಾನು ಇಲ್ಲಿ ಮೆಸ್ಸಿನ ಅನ್ನ ಸಾರು ಉಂಡು ತಟ್ಟೆ ತೊಳೆದೆ. ಸಿಟ್ಟಿನಲ್ಲಿದ್ದೇನೆ, ಅದಕ್ಕೇ ಮೊದಲು ಸಲಾಂ ಹೇಳಲಿಲ್ಲ. ಈಗ ಹೇಳುತ್ತೇನೆ. ನಿನಗೊಂದು ಸಲಾಂ, ಮೊಮ್ಮಗಳ ದಾರಿ ಕಾಯುವ ದಾದಿಗೆ ಎರಡು. ಅಬ್ಬಾಗೆ ಇಲ್ಲ.

ಯಾಕೆ ಎಂದು ಕೇಳು. ಕಾಲೇಜು ಬಿಟ್ಟು ಬೇರೆಲ್ಲಿಗೆ ಹೋಗಲು ಈ ಹಾಸ್ಟೆಲಿನ ಗೇಟು ದಾಟಬೇಕಾದರೂ ನಾವು ಅರ್ಜಿ ಹಾಕಬೇಕು. ಅರ್ಜಿ ಹಾಕಿದ ಕೂಡಲೇ ಅಪ್ಪಂದಿರ ಫೋನಿಗೆ ಒಂದು ಲಿಂಕ್ ಹೋಗುತ್ತದೆ. ತೆರೆದರೆ ಎರಡು ಗುಂಡಿ: ಹಸಿರಿನದು ‘ಒಪ್ಪಿಗೆ’, ಕೆಂಪಿನದು ‘ಬೇಡ’. ಅವರು ಒತ್ತಿದ್ದು ಇಲ್ಲಿನ ಸರ್ವರಿಗೆ ಬರುತ್ತದೆ. ಸರ್ವರ್ ಎಂದರೆ ದೊಡ್ಡದೇನಲ್ಲ, ಆಫೀಸಿನ ಮೇಜಿನ ಕೆಳಗೆ ಗುರ್ ಎನ್ನುತ್ತ ಕೂತಿರುವ ಒಂದು ಕಂಪ್ಯೂಟರ್. ಅದು ಗೇಟಿನ ಪರದೆಯ ಮೇಲೆ ನಮ್ಮ ಹೆಸರನ್ನು ಹಸಿರು ಮಾಡುತ್ತದೆ ಅಥವಾ ಕೆಂಪು ಮಾಡುತ್ತದೆ. ಕಾವಲಿನ ಗಡಿಗೆಪ್ಪ ತಾತ ಪರದೆ ನೋಡಿ ಬೀಗ ತೆಗೆಯುತ್ತಾರೆ. ಇದನ್ನು ಮಾಡಿಕೊಟ್ಟವನು ಬಿಲ್ ತೆಗೆದುಕೊಂಡು ಮಾಯವಾದ. ವಾರ್ಡನ್ ಪಾರ್ವತೆಮ್ಮ ನನ್ನನ್ನು ಕರೆದು, "ನೀ ಕಂಪ್ಯೂಟರ್ ಓದಾಕತ್ತಿಯಲ್ಲ, ಇನ್ನ ಇದನ್ನ ನೀನ ನೋಡ್ಕೋ" ಎಂದರು. ಹಾಗಾಗಿ ನನ್ನನ್ನು ಕೂಡಿಹಾಕುವ ಯಂತ್ರಕ್ಕೆ ಎಣ್ಣೆ ಹಾಕುವವಳೂ ನಾನೇ.

ಹಬ್ಬಕ್ಕೆ ಶುಕ್ರವಾರವೇ ಅರ್ಜಿ ಹಾಕಿದ್ದೆ. ಸಂಜೆಯವರೆಗೂ ಚೀಲ ಹಿಡಿದು ಗೇಟಿನಲ್ಲಿ ನಿಂತೆ. ಕೆಂಪು. ಮಗಳು ಹಬ್ಬಕ್ಕೂ ಬೇಡವಾದಳೇ ಎಂದು ಅಬ್ಬಾಗೆ ಕೇಳು. ಭಾನುವಾರದ ಐದು ನಿಮಿಷದ ಫೋನಿನಲ್ಲಿ ಕೇಳೋಣವೆಂದರೆ ಅವರು ಸಂತೆಯಲ್ಲಿ ಪಾತ್ರೆ ಹರವಿಕೊಂಡು ಕೂತಿರುತ್ತಾರೆ, ಗದ್ದಲದಲ್ಲಿ ಹಾಂ ಹಾಂ ಎಂದು ಇಟ್ಟುಬಿಡುತ್ತಾರೆ. ನಮ್ಮ ಮೊಬೈಲುಗಳೆಲ್ಲ ವಾರ್ಡನ್ನರ ಬೀರುವಿನಲ್ಲಿವೆ. ಮನೆಯಲ್ಲಿ ದಖನಿ ಉರ್ದು ಮಾತಾಡಿದರೂ ನಿನಗೂ ನನಗೂ ಬರೆಯಲು ಬರುವುದು ಕನ್ನಡವೇ, ಬರೆ. ಹಾಸ್ಟೆಲಿಗೆ ಹಾಕಬೇಡ, ಒಡೆದು ಓದುತ್ತಾರೆ. ಪಾಲಿಟೆಕ್ನಿಕ್ ವಿಳಾಸಕ್ಕೆ ಹಾಕು.

ಕೆಂಪು ಹೆಸರಿನ ಮಗಳು,
ಮುಸರ್ರತ್


ದೇವದುರ್ಗ
26 ಜೂನ್ 2024

ನನ್ನ ಸಿಟ್ಟಿನ ಮಗಳು ಮುಸರ್ರತಗ,

ಏಳನೇತ್ತಕ್ಕ ಸಾಲಿ ಬಿಟ್ಟ ಮ್ಯಾಲ ನಾ ಪೆನ್ನು ಹಿಡದು ಇಷ್ಟುದ್ದ ಬರಿಯೂದು ಇದ ಮೊದಲ. ಮಾತಾಡಿದಂಗ ಬರೀತೀನಿ, ತಪ್ಪು ಹುಡುಕಬ್ಯಾಡ.

ನಿನ್ನ ಅಬ್ಬಾಗ ಕೇಳಿದೆ. ಭಾಳ ಬೇಜಾರ ಮಾಡ್ಕೊಂಡ್ರು. "ಒತ್ತೀನಿ! ಕನ್ನಡಕ ಹಾಕ್ಕೊಂಡು, ಅಕ್ಷರಕ್ಕ ಅಕ್ಷರ ಕೂಡಿಸಿ ಓದಿ, ಹಸುರ ಮ್ಯಾಲ ಒತ್ತೀನಿ. ನಿಮ್ಮ ಉತ್ತರ ತಲುಪಿದೆ ಅಂತನೂ ಬಂತು. ಆಕಿಗೇ ಬರೂ ಮನಸಿಲ್ಲ, ನನ್ನ ಮ್ಯಾಲ ಹಾಕ್ತಾಳ" ಅಂದ್ರು. ಯಾರದು ಖರೆ, ಯಾರದು ಸುಳ್ಳು, ನನಗ ತಿಳೀವಲ್ದು.

ಹೋಗಲಿ ಬಿಡು. ಹಬ್ಬ ಮುಂದಿನ ವರ್ಷನೂ ಬರತದ. ಬಸ್ಸಿನ್ಯಾಗ ನಿಂತು ಬರೂದು, ಜ್ವರ ಹಚ್ಚಿಕೊಳ್ಳೂದು ಬ್ಯಾಡ. ಇದು ಕೊನಿ ವರ್ಷ ಅದ, ಓದು. ದಾದಿ ಆರಾಮ್ ಅದಾರ. ಈಗೀಗ ಜಾಸ್ತಿ ಮಲಗತಾರ, ವಯಸ್ಸಾತಲ್ಲ. ನಾನೂ ಆರಾಮ್ ಅದೀನಿ. ಬ್ಲೌಸ್ ಹೊಲಿಯೂದು ಸ್ವಲ್ಪ ದಿನ ಬಿಟ್ಟೀನಿ, ಮಷೀನಿನ ಬೆಲ್ಟ್ ಹರದದ.

ಈ ಪತ್ರ ನಿನ್ನ ಅಬ್ಬಾ ಓದಿ ಡಬ್ಬಿಗೆ ಹಾಕ್ತಾರ. ಅದಕ್ಕ ಇಷ್ಟ ಸಾಕು.

ನಿನ್ನ ಅಮ್ಮಿ,
ಹಾಜಿರಾ ಬೀ


ರಾಯಚೂರು
21 ಜುಲೈ 2024

ಅಮ್ಮಿ,

ನನ್ನ ಪರವಾಗಿ ಅಬ್ಬಾ ಮುಂದೆ ಕಿವಿ ಹಿಡಿದುಕೋ. ಅವರು ಒತ್ತಿದ್ದು ನಿಜ.

ಸರ್ವರಿಗೆ ಯಾರು ಯಾವಾಗ ಬಂದರು, ಏನು ಹೇಳಿದರು ಎಂಬುದೆಲ್ಲ ದಾಖಲಾಗುತ್ತದೆ. ಎರಡು ವಾರ ಕೂತು ಅದನ್ನೆಲ್ಲ ಓದಿದೆ. ಜೂನ್ ಹದಿನಾಲ್ಕು, ಸಂಜೆ ಐದು ಹನ್ನೆರಡಕ್ಕೆ ನಮ್ಮ ಮನೆಯಿಂದ ಉತ್ತರ ಬಂದಿದೆ. ಆದರೆ ಖಾಲಿ. ಲಕೋಟೆ ಬಂದಿದೆ, ಒಳಗೆ ಕಾಗದವಿಲ್ಲ. ಖಾಲಿ ಉತ್ತರವನ್ನು ಈ ಸರ್ವರ್ ‘ಬೇಡ’ ಎಂದು ತಿಳಿಯುತ್ತದೆ. ಅದಾದ ಮೇಲೆ ನಾನು ಮೂರು ಶನಿವಾರ ಅರ್ಜಿ ಹಾಕಿದ್ದೆನಲ್ಲ, ಮೂರಕ್ಕೂ ಹಾಗೆಯೇ ಆಗಿದೆ.

ತಪ್ಪು ಅಬ್ಬಾನ ಫೋನಿನ ಬ್ರೌಸರಿನದು. ಬ್ರೌಸರ್ ಎಂದರೆ ಫೋನಿನಲ್ಲಿ ಪುಟ ತೆರೆದು ತೋರಿಸುತ್ತದಲ್ಲ, ಅದು. ಪುಟ ತೆರೆದಾಗ ಫೋನಿಗೂ ಸರ್ವರಿಗೂ ನಡುವೆ ಒಂದು ಎಳೆ ಕಟ್ಟಿರುತ್ತದೆ. ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ಸರ್ವರ್ ಎಳೆ ಬಿಟ್ಟುಬಿಡುತ್ತದೆ. ಒಳ್ಳೆಯ ಬ್ರೌಸರ್ ಆದರೆ ಹೊಸ ಎಳೆ ಕಟ್ಟಿ ಪೂರ್ತಿ ಉತ್ತರ ಕಳಿಸುತ್ತದೆ. ಇದು ಹೊಸ ಎಳೆ ಕಟ್ಟುವ ಗಡಿಬಿಡಿಯಲ್ಲಿ ಉತ್ತರವನ್ನೇ ಮರೆಯುತ್ತದೆ, ಮೇಲಾಗಿ ‘ತಲುಪಿದೆ’ ಎಂದು ಬೇರೆ ತೋರಿಸುತ್ತದೆ. ಪಟ್ಟನೆ ಒತ್ತುವವರಿಗೆ ಇದು ಗೊತ್ತೇ ಆಗುವುದಿಲ್ಲ. ಸರ್ವರ್ ಮಾಡಿಕೊಟ್ಟವನು ಪಟಪಟ ಒತ್ತಿ ನೋಡಿ ಎಲ್ಲ ಸರಿಯಿದೆ ಎಂದು ಹೋಗಿದ್ದಾನೆ. ಕನ್ನಡಕ ಹಾಕಿಕೊಂಡು ಅಕ್ಷರ ಕೂಡಿಸಿ ಓದುವವರ ಉತ್ತರ ಮಾತ್ರ ಖಾಲಿಯಾಗುತ್ತದೆ.

ನಮ್ಮದೊಂದೇ ಅಲ್ಲ. ಎಂಬತ್ತಾರು ಹುಡುಗಿಯರಲ್ಲಿ ಹತ್ತೊಂಬತ್ತು ಮನೆಗಳಲ್ಲಿ ಇದೇ ಬ್ರೌಸರ್. ನನ್ನ ಕೋಣೆಯ ನಗ್ಮಾಗೆ ಮಾನ್ವಿಯಲ್ಲಿ ಅಕ್ಕನ ಮಗುವಿನ ಆರನೇ ದಿನದ ಛಟ್ಟಿಗೆ ಹೋಗಲಾಗಲಿಲ್ಲ. ಅಪ್ಪನ ಮೇಲೆ ಮುನಿಸಿಕೊಂಡು ಎರಡು ದಿನ ಊಟ ಬಿಟ್ಟಿದ್ದಳು. ಪಾರ್ವತೆಮ್ಮನಿಗೆ ಹೇಳಿದರೆ, "ಖಾಲಿ ಬಂದ್ರ ಬ್ಯಾಡ ಅಂತನ ಅರ್ಥ ಬಿಡವಾ. ಹೊಸ ಫೋನ್ ತೊಗೊಳ್ಳಲಿ" ಎಂದರು.

ಆ ಬ್ರೌಸರ್ ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಅದನ್ನು ಇನ್ನು ಯಾರೂ ತಿದ್ದುವುದಿಲ್ಲ. ತಪ್ಪು ಅದರದು, ಸಂಭಾಳಿಸಿಕೊಂಡು ಹೋಗಬೇಕಾದದ್ದು ನನ್ನ ಸರ್ವರ್. ಅತ್ತೆಯ ಮನೆಯಲ್ಲಿ ಸೊಸೆ ಇದ್ದ ಹಾಗೆ. ನಗಬೇಡ. ಭಾನುವಾರ ಹನ್ನೊಂದಕ್ಕೆ ನಾಲ್ಕು ಲಿಂಕ್ ಕಳಿಸುತ್ತೇನೆ. ಒಂದೊಂದನ್ನೂ ತೆರೆದು, ಇಪ್ಪತ್ತು ಎಣಿಸಿ, ಆಮೇಲೆ ಒತ್ತಲು ಅಬ್ಬಾಗೆ ಹೇಳು. ಇದನ್ನು ಸರಿಮಾಡಿಯೇ ತೀರುತ್ತೇನೆ. ನನಗೆ ಮನೆಗೆ ಬರಬೇಕು ಅಮ್ಮಿ. ದಾದಿಯ ಪಕ್ಕದಲ್ಲಿ ಮಲಗಬೇಕು.

ನಿನ್ನ,
ಮುಸರ್ರತ್


ದೇವದುರ್ಗ
3 ಆಗಸ್ಟ್ 2024

ಮುಸರ್ರತ್ ಬೇಟಿ,

ನಿನ್ನ ಅಬ್ಬಾಗ ಖುಷಿಯೋ ಖುಷಿ. ಸಂತ್ಯಾಗ ಪಾತ್ರಿ ನಡುವ ಕುಂತು ಇಪ್ಪತ್ತು ಎಣಿಸಿ ಒತ್ತಿದ್ರಂತ. ಗಿರಾಕಿ "ಏನ ಎಣಸಾಕತ್ತೀ ಸಾಬಾ" ಅಂದ್ರ, "ತಡಿಯಪಾ, ನನ್ನ ಮಗಳು ಪರೀಕ್ಷಿ ಮಾಡಾಕತ್ತಾಳ" ಅಂದ್ರಂತ. ಮನಿಗೆ ಬಂದು ನಾಕು ಮಂದಿ ಮುಂದ ಹೇಳಿದ್ರು. ನೀ ಅವರ ಮ್ಯಾಲ ಸಿಟ್ಟು ಬಿಟ್ಟಿ ಅಂತ ಅವರಿಗೆ ಭಾಳ ಸಮಾಧಾನ ಆಗ್ಯದ.

ಆದ್ರ ನಂದೊಂದು ಮಾತು ಕೇಳು. ನೀ ಅದರ ಹಿಂದ ಬೀಳಬ್ಯಾಡ. ಬ್ಯಾರೇರ ಕೆಡಿಸಿದ್ದನ್ನ ನೀ ಯಾಕ ನೆಟ್ಟಗ ಮಾಡಬೇಕು? ನಿನಗ ಪರೀಕ್ಷಿ ಅದ. ಹೊತ್ತು ದಂಡ. ಅದು ಇದ್ದಂಗ ಇರಲಿ ಬಿಡು, ಅದರಿಂದ ಯಾರೂ ಸತ್ತಿಲ್ಲ. ಕೊನಿ ಪರೀಕ್ಷಿ ಮುಗಿಸಿ ಒಂದ ಸಲ ಬಂದ್ರ ಸಾಕು.

ಅಕ್ಷರ ಸೊಟ್ಟ ಆಗ್ಯಾವ. ಬಲಗೈ ಮಣಿಕಟ್ಟು ಉಳುಕೇದ, ನೀರಿನ ಕೊಡ ಎತ್ತೂವಾಗ. ದಾದಿ ಆರಾಮ್ ಅದಾರ.

ನಿನ್ನ ಅಮ್ಮಿ,
ಹಾಜಿರಾ ಬೀ


ರಾಯಚೂರು
1 ಸೆಪ್ಟೆಂಬರ್ 2024

ಅಮ್ಮಿ, ಅಮ್ಮಿ, ಅಮ್ಮಿ,

ಆಯಿತು! ಕೊನೆಗೆ ನೋಡಿದರೆ ಒಂದೇ ಒಂದು ಸಾಲು. ಬಂದವರ ಬ್ರೌಸರ್ ಯಾವುದೆಂದು ಸರ್ವರಿಗೆ ಗೊತ್ತಾಗುತ್ತದೆ. ಆ ಹಳೆಯ ಬ್ರೌಸರ್ ಬಂದರೆ, ಪುಟ ಕೊಟ್ಟ ಕೂಡಲೇ ‘ಎಳೆ ಬಿಟ್ಟಿದ್ದೇನೆ’ ಎಂದು ಮೊದಲೇ ಹೇಳಿಬಿಡು ಎಂದು ಬರೆದೆ. ಈಗ ಅದು ಹಳೆಯ ಎಳೆ ನೆಚ್ಚಿಕೊಂಡು ಕೂರುವುದಿಲ್ಲ. ಅಬ್ಬಾ ಒತ್ತಿದಾಗ ಹೊಸದಾಗಿ ಕರೆಯುತ್ತದೆ, ಕರೆದಾಗ ಪೂರ್ತಿ ಉತ್ತರ ಕೊಡುತ್ತದೆ. ಪುಟ ತೆರೆಯುವುದು ಸ್ವಲ್ಪ ನಿಧಾನವಾಗಿದೆ, ಅಷ್ಟೇ. ಬೇರೆ ಬ್ರೌಸರಿನವರಿಗೆ ಏನೂ ಗೊತ್ತೇ ಆಗಿಲ್ಲ.

ನಗ್ಮಾ ನಿನ್ನೆ ಮಾನ್ವಿಗೆ ಹೋದಳು. ಅವಳ ಹೆಸರು ಹಸಿರಾದದ್ದು ನೋಡಿ ಗಡಿಗೆಪ್ಪ ತಾತ, "ಯವ್ವಾ, ಬದುಕಿದಿ ನೋಡು, ಹೋಗು ಹೋಗು, ಮತ್ತ ಕೆಂಪಾಗೂದ್ರಾಗ ಓಡು" ಎಂದು ಗೇಟು ಪೂರ್ತಿ ತೆಗೆದುಬಿಟ್ಟರು. ಹತ್ತೊಂಬತ್ತು ಮನೆಗಳೂ ಸರಿಯಾಗಿವೆ.

ನಾನು ಮಿಲಾದಿಗೆ ಅರ್ಜಿ ಹಾಕಿದೆ, ಹದಿನಾಲ್ಕರ ಶನಿವಾರದಿಂದ ಮೂರು ದಿನ. ನಾಲ್ಕೇ ನಿಮಿಷದಲ್ಲಿ ಅಬ್ಬಾನ ಉತ್ತರ ಬಂತು. ಪೂರ್ತಿ ಬಂತು. ‘ಒಪ್ಪಿಗೆ.’ ಆ ಮೂರಕ್ಷರ ನೋಡಿ ಸರ್ವರಿನ ಮುಂದೆ ಕೂತು ಅತ್ತುಬಿಟ್ಟೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ದಾದಿಗೆ ಈಗಲೇ ಹೇಳಬೇಡ, ಬಾಗಿಲಲ್ಲಿ ನಿಂತು ಕೂಗುತ್ತೇನೆ.

ಬರುವವಳು,
ಮುಸರ್ರತ್


ದೇವದುರ್ಗ
7 ಸೆಪ್ಟೆಂಬರ್ 2024

ಬೇಟಿ,

ಈ ಪತ್ರ ನಿನ್ನ ಅಬ್ಬಾ ಓದಿಲ್ಲ. ಅಂಗನವಾಡಿ ಶಿವಗಂಗಾ ಟೀಚರ್ ಕೈಯಾಗ ಕೊಟ್ಟು ಡಬ್ಬಿಗೆ ಹಾಕಸಾಕತ್ತೀನಿ. ಅದಕ್ಕ ಎಲ್ಲಾ ಬರೀತೀನಿ.

ದಾದಿ ಆರಾಮ್ ಇಲ್ಲ. ನೀ ಹಾಸ್ಟೆಲಿಗೆ ಹೋದ ನಾಕನೇ ದಿನಕ್ಕ ಬಚ್ಚಲದಾಗ ಬಿದ್ರು. ಬಲಗಡಿ ಕೈ ಕಾಲು ಹೋಗ್ಯಾವ. ಮಾತು ಅರ್ಧ ಹೋಗ್ಯದ. ರಾಯಚೂರಿನ ದವಾಖಾನಿಗೆ ತಂದು ಎರಡು ದಿನ ಇಟ್ಟಿದ್ವಿ. ನಿನಗ ಹೇಳಲಿಲ್ಲ. ನಿನ್ನ ಅಬ್ಬಾ ಹೇಳೂಣು ಅಂದ್ರು, ಓದೂ ಹುಡುಗಿ ಗಾಬರಿ ಆಗತಾಳ, ಮನಿಗೆ ಬಂದಾಗ ನಾನ ಹೇಳತೀನಿ ಅಂತ ನಾ ಅವರ ಬಾಯಿ ಮುಚ್ಚಿಸಿದೆ.

ಈಗ ಹಾಸಿಗಿ ಮ್ಯಾಲ ಅದಾರ. ಎತ್ತಬೇಕು, ಹೊರಳಸಬೇಕು, ತೊಳೀಬೇಕು. ನನ್ನ ಕೈ ಉಳುಕಿದ್ದು ಕೊಡ ಎತ್ತಿ ಅಲ್ಲ. ಮಷೀನಿನ ಬೆಲ್ಟ್ ಹರದಿಲ್ಲ, ಹೊಲಿಯಾಕ ಹೊತ್ತಿಲ್ಲ.

ನಿನ್ನ ಅಬ್ಬಾ ಕೆಟ್ಟವರಲ್ಲ. "ಹದಿನೈದು ದಿನ ಮುಸರ್ರತ್ ಬರಲಿ, ನಿನಗ ಆಸರ ಆಗತದ, ಅವ್ವಗೂ ಜೀವ ತಂಪಾಗತದ" ಅಂತಾರ. ಹದಿನೈದು ದಿನ ಅಂದ್ರ ಏನಂತ ನನಗ ಗೊತ್ತು. ಅರಕೇರಾ ಸಾಲ್ಯಾಗ ನಾ ಏಳನೇತ್ತ ಓದೂವಾಗ, ನಮ್ಮವ್ವನ ಬಾಣಂತನ ಅಂತ ಹದಿನೈದು ದಿನಕ್ಕ ಬಿಡಿಸಿದ್ರು. ಆಮ್ಯಾಲ ಕೂಸು ಆಡಸೂದು ಬಂತು, ಆಮ್ಯಾಲ ಹೊಲದ ಬುತ್ತಿ ಬಂತು. ಪಾಟಿಚೀಲ ಗೂಟಕ್ಕ ಹಾಕಿದ್ದು ಹಾಕಿದಂಗ ಇತ್ತು, ನಾ ಮದುವಿ ಆಗಿ ಇಲ್ಲಿಗೆ ಬಂದೆ. ಯಾರೂ ನನಗ ಸಾಲಿ ಬಿಡು ಅನ್ನಲಿಲ್ಲ. ಬಿಟ್ಟೇ ಹೋತು.

ನೀ ಬಂದು ದಾದೀನ್ನ ನೋಡಿದ್ರ ನೀನ ವಾಪಸ್ ಹೋಗಂಗಿಲ್ಲ. ನನಗ ನಿನ್ನ ಜೀವ ಗೊತ್ತದ. ಶನಿವಾರ ಸಂಜಿ ನಿನ್ನ ಅಬ್ಬಾ ಒತ್ತತಿದ್ರು, ನೀ ಬರತಿದ್ದಿಲ್ಲ, ನಾ ಒಳಗ ಹೋಗಿ ಅಲ್ಲಾಗ ಶುಕರ್ ಅಂತಿದ್ದೆ. ಆ ಕೆಟ್ಟ ಬ್ರೌಸರ್ ನನಗ ಅಕ್ಕ ಇದ್ದಂಗ ಇತ್ತು. ನೀ ಅದನ್ನ ನೆಟ್ಟಗ ಮಾಡಿಬಿಟ್ಟಿ.

ಮೊದಲ ಇದ್ದಂಗ ಕೆಡಸು. ಮಂದೀದು ಬ್ಯಾಡ, ನಮ್ಮನಿದು ಒಂದ ಕೆಡಸು. ನಿನ್ನ ಕಾಲಿಗೆ ಬೀಳ್ತೀನಿ, ಬರಬ್ಯಾಡ.

ಅಮ್ಮಿ


ರಾಯಚೂರು
11 ಸೆಪ್ಟೆಂಬರ್ 2024
(ಶಿವಗಂಗಾ ಟೀಚರ್ ಅವರ ಕೈಗೆ)

ಅಮ್ಮಿ,

ದಾದಿ ಇದೇ ಊರಿನಲ್ಲಿ ಎರಡು ದಿನ ಮಲಗಿದ್ದರು! ನಾನು ದವಾಖಾನೆಯ ಮುಂದಿನ ರಸ್ತೆಯಲ್ಲೇ ಕಾಲೇಜಿಗೆ ಹೋಗಿ ಬರುತ್ತಿದ್ದೆ. ನನಗೆ ಹೇಳಬಾರದೆಂದು ನಿನಗೆ ಯಾರು ಹೇಳಿಕೊಟ್ಟರು? ಪಾರ್ವತೆಮ್ಮ ಗೇಟು ಕಾಯುತ್ತಾರೆ, ಅಬ್ಬಾ ಗುಂಡಿ ಕಾಯುತ್ತಾರೆ, ನೀನು ಸುದ್ದಿ ಕಾಯುತ್ತಾ ಕೂತೆಯಾ? ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನ ಕೈ ನೋವು ಹೇಗಿದೆ ಎಂದು ಕೇಳಲೂ ಮನಸ್ಸಿಲ್ಲ. ಹೇಗಿದೆ?

ನೀನು ಹೇಳಿದ್ದನ್ನು ಮಾಡಿ ನೋಡಿದೆ. ಈ ಒಂದು ನಂಬರಿನಿಂದ ಏನು ಬಂದರೂ ಖಾಲಿ ಎಂದು ತಿಳಿ, ಇಷ್ಟೇ ಸಾಲು. ಬರೆಯಲು ಒಂದು ನಿಮಿಷ ಹಿಡಿಯಲಿಲ್ಲ. ಗೇಟಿನ ಪರದೆಯಲ್ಲಿ ನನ್ನ ಹೆಸರು ಕೆಂಪಾಯಿತು. ಗಡಿಗೆಪ್ಪ ತಾತ ಅಲ್ಲಿಂದಲೇ, "ಅಯ್ಯ ಯವ್ವಾ, ಎಲ್ಲಾರದೂ ನೆಟ್ಟಗ ಮಾಡಿ ನಿಂದ ಕೆಟ್ಟಿತಲ್ಲ!" ಎಂದು ಕೂಗಿದರು. ಅಬ್ಬಾ ಅಕ್ಷರ ಕೂಡಿಸಿ ಓದಿ ಒತ್ತಿದ್ದನ್ನು ಇಷ್ಟು ದಿನ ಒಂದು ಹಾಳು ಬ್ರೌಸರ್ ನುಂಗುತ್ತಿತ್ತು, ಈಗ ನಾನೇ ನುಂಗಬೇಕು. ಆಗಲಿಲ್ಲ. ಅಳಿಸಿಬಿಟ್ಟೆ. ಸರ್ವರಿನಲ್ಲಿ ನಾನು ಸುಳ್ಳು ಬರೆಯುವುದಿಲ್ಲ ಅಮ್ಮಿ, ಅತ್ತ ಕಡೆಗೂ ಇಲ್ಲ, ಇತ್ತ ಕಡೆಗೂ ಇಲ್ಲ.

ಈಗ ಮತ್ತೆ ಹಸಿರಿದೆ. ಶನಿವಾರ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಮುಸರ್ರತ್


ರಾಯಚೂರು
15 ಸೆಪ್ಟೆಂಬರ್ 2024

ಅಬ್ಬಾ,

ನಿಮಗೆ ಇದು ನನ್ನ ಮೊದಲ ಪತ್ರ. ಸಲಾಂ.

ಜೂನಿನಿಂದ ನೀವು ಒತ್ತಿದ ಒಪ್ಪಿಗೆ ಯಾವುದೂ ನನಗೆ ಮುಟ್ಟಿರಲಿಲ್ಲ. ನೀವು ಕರೆಯಲಿಲ್ಲ ಎಂದು ನಾನು ಅಂದುಕೊಂಡೆ, ನಾನು ಬರಲಿಲ್ಲ ಎಂದು ನೀವು ಅಂದುಕೊಂಡಿರಿ. ಈ ಸಲದ್ದು ಮುಟ್ಟಿದೆ. ನಿನ್ನೆ ಎರಡು ಗಂಟೆಗೆ ಚೀಲ ತೆಗೆದುಕೊಂಡು ಗೇಟಿಗೆ ಹೋದೆ. ಬೀಗ ತೆಗೆದಿತ್ತು. ಗಡಿಗೆಪ್ಪ ತಾತ ದಾರಿ ಬಿಟ್ಟು ನಿಂತಿದ್ದರು. ನಾನು ವಾಪಸ್ ಕೋಣೆಗೆ ಬಂದೆ.

ದಾದಿಯ ವಿಷಯ ಗೊತ್ತಾಗಿದೆ. ಯಾರು ಹೇಳಿದರು ಎಂದು ಕೇಳಬೇಡಿ. ಅವರನ್ನು ನೋಡಲು ಜೀವ ಬಡಿದುಕೊಳ್ಳುತ್ತಿದೆ. ಆದರೆ ಬಂದರೆ ನಾನು ಹೊರಡುವುದಿಲ್ಲ ಎಂಬ ಹೆದರಿಕೆ ನನಗೇ ಇದೆ. ನಿಮ್ಮ ಪುಟದಲ್ಲಿ ನಿಮಗೆ ಎರಡು ಗುಂಡಿಗಳಿವೆ, ನನಗೆ ಒಂದೂ ಇಲ್ಲ. ಅದಕ್ಕೇ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಹದಿನೈದು ದಿನಕ್ಕೆ ಬರುವುದು ಬೇಡ. ಇದು ಬ್ರೌಸರ್ ಹೇಳಿದ್ದಲ್ಲ, ನಾನು ಹೇಳಿದ್ದು.

ಎರಡು ಮಾತು ಕೇಳುತ್ತೇನೆ. ಅಮ್ಮಿಯ ಮಣಿಕಟ್ಟು ನೋಡಿ. ದಾದಿ ನಿಮ್ಮ ಅವ್ವ, ಬೆಳಗ್ಗೆ ಒಂದು ಹೊತ್ತಾದರೂ ನೀವು ಎತ್ತಿ. ಇನ್ನೊಂದು, ಭಾನುವಾರ ಬೆಳಗ್ಗೆ ಬಂದು ಸಂಜೆಯ ಬಸ್ಸಿಗೆ ವಾಪಸ್ ಹೋಗುತ್ತೇನೆ. ‘ಸಂಜೆ ಕಳಿಸಿಕೊಡುತ್ತೇನೆ’ ಎಂದು ಒಂದು ಸಾಲು ಬರೆದುಕೊಡಿ. ಆವತ್ತೇ ಅರ್ಜಿ ಹಾಕುತ್ತೇನೆ.

ನಿಮ್ಮ ಮಗಳು,
ಮುಸರ್ರತ್


ದೇವದುರ್ಗ
25 ಸೆಪ್ಟೆಂಬರ್ 2024

ಮುಸರ್ರತ್,

ಪತ್ರ ಬಂತು. ನೀ ಬ್ಯಾಡ ಅಂದಿದ್ದು ಪೂರಾ ಮುಟ್ಟೇದ.

ನಿನ್ನ ಅಮ್ಮಿ ಕೈಗೆ ಎಣ್ಣಿ ತಿಕ್ಕಾಕತ್ತೀನಿ. ಅವ್ವನ್ನ ಮುಂಜಾನಿ ಸಂತಿಗೆ ಹೋಗೂ ಮುಂಚೆ ನಾನ ಎತ್ತತೀನಿ. ಇದನ್ನ ಮಗಳ ಕಡಿಂದ ಹೇಳಿಸಿಕೊಂಡೆ, ನಾಚಿಕಿ ಆತು.

ಆದ್ರ ಬರದುಕೊಡು ಅಂದಿ ನೋಡು, ಅದು ಆಗಂಗಿಲ್ಲ. ಹೆತ್ತ ಮಗಳಿಗೆ ಮನಿಗೆ ಬಾ ಅನ್ನಾಕ ಕರಾರು ಬರದುಕೊಡೂ ಅಪ್ಪ ಎಲ್ಲಿ ಅದಾನ? ನಾ ನಿನಗ ಅಷ್ಟು ಪರಕೀಯ ಆದೆ. ಇನ್ನ ನಾ ಅದನ್ನ ಒತ್ತಂಗಿಲ್ಲ. ಹಸುರೂ ಒತ್ತಂಗಿಲ್ಲ, ಕೆಂಪೂ ಒತ್ತಂಗಿಲ್ಲ. ಅರ್ಜಿ ಹಾಕಬ್ಯಾಡ. ಅಲ್ಲೇ ಇದ್ದು ಓದು.

ಅವ್ವ ದಿನಾ ನಿನ್ನ ಕೇಳತಾಳ. ಬರತಾಳ ಅಂತ ಹೇಳೀನಿ.

ಮೀರಾಹುಸೇನ


ರಾಯಚೂರು
24 ನವೆಂಬರ್ 2024

ಅಬ್ಬಾ,

ದಾದಿ ಮಣ್ಣಾದ ಮೂರನೇ ದಿನದ ಜಿಯಾರತ್ ಮುಗಿದ ಮೇಲೆ ನೀವೇ ನನ್ನ ಚೀಲ ಹೊತ್ತು ಬಸ್ಸಿಗೆ ಹತ್ತಿಸಿದಿರಿ. ಯಾರೂ ಬರೆದುಕೊಡದೆಯೇ ವಾಪಸ್ ಕಳಿಸಿದಿರಿ. ಎತ್ತಿ ಹೊರಳಿಸಲು ಮನೆಯಲ್ಲಿ ಇನ್ನು ಯಾರೂ ಇರಲಿಲ್ಲ ಎಂದೋ, ಮೊದಲಿನಿಂದಲೂ ನೀವು ಕಳಿಸುವವರೇ ಆಗಿದ್ದಿರೋ, ಕೇಳುವ ಧೈರ್ಯ ನನಗೆ ಬರಲಿಲ್ಲ. ಆ ದಿನ ಯಾಕೆ ತಡವಾಯಿತು ಎಂದು ನೀವೂ ಕೇಳಲಿಲ್ಲ. ಬಸ್ಸು ಸಿಗಲಿಲ್ಲ ಎಂದು ಮನೆಯಲ್ಲಿ ಸೇರಿದ್ದವರಿಗೆ ಹೇಳಿದ್ದೆ. ಅದು ಸುಳ್ಳು. ನಡೆದದ್ದನ್ನು ಬರೆಯುತ್ತೇನೆ, ಓದಿ.

ಹದಿನಾಲ್ಕನೇ ತಾರೀಖು ನನಗೆ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಎಂಟೂವರೆಗೇ ಹೋಗಿದ್ದೆ. ಪಾರ್ವತೆಮ್ಮ ಮಾನ್ವಿಗೆ ಹೋಗಿದ್ದರು, ಆಫೀಸಿಗೆ ಬೀಗ. ನೀವು ಹಾಸ್ಟೆಲಿಗೆ ಮಾಡಿದ ಫೋನು ಬೀಗದೊಳಗೆ ಬಡಿದುಕೊಂಡು ಸುಮ್ಮನಾಗಿದೆ. ಎರಡು ಗಂಟೆಗೆ ವಾಪಸ್ ಬಂದೆ. ಸರ್ವರನ್ನು ನಾನು ಗೇಟಿನ ಕಂಪ್ಯೂಟರಿನಿಂದಲೂ ನೋಡಬಹುದು. ದಿನದ ರೂಢಿಯಂತೆ ದಾಖಲೆ ತೆರೆದೆ. ನಿಮ್ಮ ನಂಬರಿತ್ತು. ಎಂಟು ನಲವತ್ತೇಳಕ್ಕೆ ‘ಒಪ್ಪಿಗೆ’. ಎಂಟು ನಲವತ್ತೊಂಬತ್ತಕ್ಕೆ ‘ಒಪ್ಪಿಗೆ’. ಒಂಬತ್ತು ಇಪ್ಪತ್ತರವರೆಗೆ ಹನ್ನೊಂದು ಸಲ ಒತ್ತಿದ್ದೀರಿ.

ನಾನು ಅರ್ಜಿಯೇ ಹಾಕಿರಲಿಲ್ಲ. ನೀವು ಒತ್ತಿದ್ದು ಸೆಪ್ಟೆಂಬರಿನ ಹಳೆಯ ಲಿಂಕ್. ಅವಧಿ ಮುಗಿದ ಲಿಂಕಿಗೆ ಗೇಟು ತೆರೆಯುವುದಿಲ್ಲ, ಬಂದದ್ದನ್ನು ಸರ್ವರ್ ಬರೆದಿಟ್ಟುಕೊಳ್ಳುತ್ತದೆ, ಅಷ್ಟೇ. ಇನ್ನು ಒತ್ತುವುದಿಲ್ಲ ಎಂದಿದ್ದ ಮನುಷ್ಯ ಹನ್ನೊಂದು ಸಲ ಯಾಕೆ ಒತ್ತಿದರು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಡಿಗೆಪ್ಪ ತಾತನ ಫೋನಿನಿಂದ ಕರೆದೆ, ನಿಮ್ಮ ಫೋನ್ ಬಂದ್ ಆಗಿತ್ತು. ಪಾರ್ವತೆಮ್ಮ ಎತ್ತಲಿಲ್ಲ. ತಾತನ ಕೈ ಹಿಡಿದುಕೊಂಡೆ. "ಯವ್ವಾ, ನನ್ನ ನೌಕರಿ ಹೋಗತದ. ಪರದಿ ಹಸುರಾಗಲಿ, ನಾನ ನಿನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರತೀನಿ" ಎಂದು ಅವರೂ ಕಣ್ಣೀರು ತೆಗೆದರು. ಹೊಸ ಅರ್ಜಿ ಹಾಕಿದೆ. ಅದು ಬಂದ್ ಆದ ನಿಮ್ಮ ಫೋನಿನ ಬಾಗಿಲಲ್ಲಿ ನಿಂತಿತು.

ಎರಡು ಹತ್ತರಿಂದ ಐದರವರೆಗೆ ಆ ಕಂಪ್ಯೂಟರಿನ ಮುಂದೆ ಕೂತಿದ್ದೆ ಅಬ್ಬಾ. ಪರದೆಯನ್ನು ಹಸಿರು ಮಾಡಲು ಒಂದು ಸಾಲು ಸಾಕು. ಅದು ನನಗೆ ಬಾಯಿಪಾಠ ಬರುತ್ತದೆ. ಬರೆದಿದ್ದರೆ ತಾತ ಬೀಗ ತೆಗೆಯುತ್ತಿದ್ದರು, ಎರಡೂವರೆಯ ಬಸ್ಸು ಸಿಗುತ್ತಿತ್ತು, ನಾಲ್ಕಕ್ಕೆ ಮನೆಯಲ್ಲಿರುತ್ತಿದ್ದೆ. ಸೆಪ್ಟೆಂಬರಿನಲ್ಲಿ ಅಮ್ಮಿಗಾಗಿ ಸುಳ್ಳು ಬರೆಯಲಾರೆ ಎಂದವಳು ಈಗ ನನಗಾಗಿ ಹೇಗೆ ಬರೆಯಲಿ ಎಂದು ಬೆರಳು ಮಡಚಿಕೊಂಡು ಕೂತೆ. ಇನ್ನೇನು ಅಬ್ಬಾ ಒತ್ತುತ್ತಾರೆ, ಇನ್ನೇನು ಒತ್ತುತ್ತಾರೆ ಎಂದು ಕಾದೆ. ಫೋನ್ ಚಾರ್ಜ್ ಆದ ಮೇಲೆ ಐದಕ್ಕೆ ಒತ್ತಿದವಳು ಅಮ್ಮಿ. ಆಗ ನೀವು ಖಬರಸ್ತಾನಿನಿಂದ ಇನ್ನೂ ಬಂದಿರಲಿಲ್ಲ.

ನಮ್ಮಲ್ಲಿ ಹೆಣ್ಣುಮಕ್ಕಳು ಮಣ್ಣಿಗೆ ಬರುವ ಹಾಗಿಲ್ಲ. ಮನೆಯಲ್ಲಿ ಮುಖ ನೋಡುವುದಷ್ಟೇ ನನ್ನ ಪಾಲಿಗಿತ್ತು. ಮಧ್ಯಾಹ್ನದ ಜೋಹರ್ ನಮಾಜಿಗೇ ಎತ್ತಬೇಕಾಗಿದ್ದ ದಾದಿಯನ್ನು, ಮುಸರ್ರತ್ ದಾರಿಯಲ್ಲಿದ್ದಾಳೆ ಎಂದು ನೀವು ಎಲ್ಲರ ಕೂಡ ಜಗಳವಾಡಿ ಸಂಜೆ ನಾಲ್ಕೂವರೆಯ ಅಸರ್‌ವರೆಗೆ ತಡೆದಿರಂತೆ. ಅಮ್ಮಿ ಹೇಳಿದಳು. ನಾನು ದಾರಿಯಲ್ಲಿರಲಿಲ್ಲ. ಬೀಗ ಹಾಕಿದ ಗೇಟಿನ ಒಳಗೆ, ಬೀಗದ ಕೈ ಮಡಿಲಲ್ಲಿಟ್ಟುಕೊಂಡು, ನಿಯತ್ತು ಕಾಯುತ್ತ ಕೂತಿದ್ದೆ.

ನಾನು ಆ ಸಾಲು ಬರೆಯಬೇಕಾಗಿತ್ತು, ಅಬ್ಬಾ.

ನಿಮ್ಮ,
ಮುಸರ್ರತ್